ಶೂನ್ಯ ಖರ್ಚಿನ ರೈಲು

ಸಿಡ್ ಮೈಯರ್ ಅವರ 'ಸಿವಿಲೈಸೇಷನ್' ಎಂಬ, ಸರದಿ ಪ್ರಕಾರ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ 1991ರಲ್ಲಿ ಬಂತು. ಅದರ ಪಂಚಾಂಗವೇ ಒಂದು ಸೋಜಿಗ. ಕ್ರಿ.ಪೂ. 4000ದಲ್ಲಿ ಆಟ ಶುರುವಾದಾಗ ಒಂದು ಸರದಿಗೆ 20 ವರ್ಷ, ಕೊನೆಗೆ ಬರುವಷ್ಟರಲ್ಲಿ ಸರದಿಗೊಂದು ವರ್ಷ. ಕಾಲಾಳು ಒಂದು ಸರದಿಗೆ ಒಂದು ಮನೆ, ಅಂದರೆ ಭೂಪಟದ ಒಂದು ಚೌಕ, ನಡೆಯುತ್ತಾನೆ. ಅಂದರೆ ಇಪ್ಪತ್ತನೆಯ ಶತಮಾನದ ಬಂದೂಕುಧಾರಿ ಜನವರಿಯಲ್ಲಿ ಹೊರಟರೆ ಪಕ್ಕದ ಮನೆ ಸೇರುವಾಗ ಡಿಸೆಂಬರ್. ರಸ್ತೆ ಇದ್ದರೆ ಅದೇ ವರ್ಷದಲ್ಲಿ ಮೂರು ಮನೆ. ರೈಲು ಹಳಿ ಇದ್ದರೆ ಮಾತ್ರ ನಡೆಯ ಖರ್ಚು ಸೊನ್ನೆ: ಖಂಡದ ಈ ತುದಿಯಿಂದ ಆ ತುದಿಗೆ ಹೋಗಿ, ಜಗಳವಾಡಲು ಬೇಕಾದ ಶಕ್ತಿಯನ್ನು ಪೂರ್ತಿ ಉಳಿಸಿಕೊಂಡು ನಿಂತಿರುತ್ತಾನೆ. 'ಇದೆಂಥ ಸುಳ್ಳು ರೈಲು' ಎಂದು ಆಡುವವರೆಲ್ಲ ಒಮ್ಮೆಯಾದರೂ ಗೊಣಗಿದ್ದಾರೆ. ಆದರೆ ಪಂಚಾಂಗ ನೋಡಿದರೆ ಆ ಆಟದಲ್ಲಿ ನಿಜ ಹೇಳುವುದು ರೈಲು ಒಂದೇ. ಒಂದು ವರ್ಷದಲ್ಲಿ ರೈಲು ಖಂಡ ದಾಟದೆ ಇನ್ನೇನು ಮಾಡೀತು? ಸುಳ್ಳು ಹೇಳುತ್ತಿರುವವನು ನಡೆಯುವವನು.

ಹಾಗಾದರೆ ತಕರಾರು ಎಲ್ಲಿ? ಪಂಚಾಂಗದಲ್ಲಿ ಅಲ್ಲ, ಯುದ್ಧದಲ್ಲಿ. ವರ್ಷಗಳ ಲೆಕ್ಕದಲ್ಲಿ ಓಡುವ ಆಟದೊಳಗೆ ದಿನಗಳ ಲೆಕ್ಕದ ಕದನ ನಡೆಯುತ್ತದೆ. ನನ್ನ ಸರದಿ ಮುಗಿಯುವವರೆಗೆ ಎದುರಾಳಿ ಕೈಕಟ್ಟಿ ಕೂತಿರಬೇಕು. ಅಷ್ಟರಲ್ಲಿ ನನ್ನ ದಂಡು ಉತ್ತರದ ಗಡಿಯಲ್ಲಿ ಹೊಡೆದು, ದಕ್ಷಿಣಕ್ಕೆ ಬಂದು, ರಾಜಧಾನಿಯಲ್ಲಿ ಕಾವಲಿಗೂ ನಿಂತಿರುತ್ತದೆ. ಹತ್ತು ಊರಿಗೆ ಹತ್ತು ಕಾವಲುಪಡೆ ಬೇಕಿಲ್ಲ, ನಡುವೆ ಒಂದು ಪಡೆ ಸಾಕು. ಗಡಿ ಎಂಬುದಕ್ಕೇ ಅರ್ಥ ಹೋಗುತ್ತದೆ. 1996ರ ಎರಡನೆಯ ಭಾಗದಲ್ಲಿ ಇದು ವಿಪರೀತಕ್ಕೆ ಹೋಯಿತು. ಅಲ್ಲಿನ ಹೊವಿಟ್ಜರ್ ಫಿರಂಗಿಗೆ ಊರಿನ ಕೋಟೆಗೋಡೆ ಲೆಕ್ಕಕ್ಕಿಲ್ಲ, ಮೇಲೆ ಸರದಿಗೆ ಎರಡು ನಡೆ. ಒಂದು ಊರು ಬಿದ್ದ ಕೂಡಲೇ ಅದಕ್ಕೆ ಬಂದು ಸೇರುವ ಹಳಿಗಳೆಲ್ಲ ಗೆದ್ದವನ ಕೆಲಸಕ್ಕೆ ಬರುತ್ತಿದ್ದವು. ಮುಂದಿನ ಊರಿನ ಬಾಗಿಲಿಗೆ ಶತ್ರು ತಾನೇ ಹಾಕಿದ ಕಂಬಿಯ ಮೇಲೆ ಪುಕ್ಕಟೆ ಪ್ರಯಾಣ. ನಡುವೆ ಎರಡು ಮನೆ ಹಳಿ ಇಲ್ಲದಿದ್ದರೆ ನಾಲ್ಕೈದು ಎಂಜಿನಿಯರ್ ತಂಡಗಳನ್ನು ಒಟ್ಟಿಗೆ ನಿಲ್ಲಿಸಿ ಅದೇ ಸರದಿಯಲ್ಲಿ ಹಾಕಿಸಿಕೊಳ್ಳಬಹುದು. ಹೀಗೆ ಒಂದು ಇಡೀ ಸಾಮ್ರಾಜ್ಯ, ತನ್ನ ಸರದಿ ಬರುವ ಮೊದಲೇ, ಒಂದೇ ಏಟಿಗೆ ಮುಗಿದುಹೋಗುತ್ತಿತ್ತು. ಹೆಚ್ಚು ಹಳಿ ಹಾಕಿ ನಾಡನ್ನು ಚೆನ್ನಾಗಿ ನೋಡಿಕೊಂಡವನೇ ಬೇಗ ಸೋಲುವ ವಿಚಿತ್ರ ನ್ಯಾಯ.

ಇನ್ನೊಂದು ರಗಳೆ ಕಣ್ಣಿನದು. ಹಳಿ ಹಾಕಿದ ಮನೆಯ ಉತ್ಪಾದನೆ ಅರ್ಧದಷ್ಟು ಏರುತ್ತಿದ್ದುದರಿಂದ ಆಡುವವರು ಒಂದು ಮನೆಯನ್ನೂ ಬಿಡದೆ ಕಂಬಿ ಹಾಸಿಬಿಡುತ್ತಿದ್ದರು. ಗದ್ದೆಗೂ ಹಳಿ, ಗುಡ್ಡಕ್ಕೂ ಹಳಿ. ಭೂಪಟ ಕೊನೆಗೆ ಕೊಟ್ಟಿಗೆಯ ಮೇಲೆ ಹಬ್ಬಿದ ಜೇಡನ ಬಲೆಯಂತಾಗುತ್ತಿತ್ತು. ಮಾರ್ಗ ಎಂದರೆ ಕೆಲವು ಊರನ್ನು ಆರಿಸಿ ಕೆಲವನ್ನು ಬಿಡುವುದು. ಎಲ್ಲ ಕಡೆಯೂ ಹಳಿಯೇ ಆದಮೇಲೆ ಮಾರ್ಗ ಎಲ್ಲಿಂದ ಬರಬೇಕು?

ಮುಂದಿನ ಭಾಗಗಳು ಇದಕ್ಕೆ ಒಂದೊಂದು ಮದ್ದು ಹುಡುಕಿದವು. 2001ರ ಮೂರನೆಯದು ವೇಗಕ್ಕೆ ಕೈಹಚ್ಚಲಿಲ್ಲ. ಯುದ್ಧವಿದ್ದಾಗ ಶತ್ರುವಿನ ನೆಲದ ರಸ್ತೆ, ಹಳಿ ನಿನಗಿಲ್ಲ ಎಂದಿತು. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಇದೇ ಅತ್ಯಂತ ಜಾಣ ತಿದ್ದುಪಡಿ. ದಾಳಿಗೆ ಹೋದವನು ಗಡಿಯಲ್ಲಿ ಇಳಿದು ನಡೆಯಲೇಬೇಕು, ಕಾಯುವವನಿಗೆ ಮಾತ್ರ ಒಳಮಾರ್ಗಗಳ ಅನುಕೂಲ. ಆದರೂ ಕಾಯುವವನ ಫಿರಂಗಿಗಳ ಒಂದೇ ಗುಂಪು ಪ್ರತಿ ಸರದಿಯೂ ಬೇಕಾದ ಗಡಿಗೆ ಹಾಜರಾಗುವುದು ತಪ್ಪಲಿಲ್ಲ. 2005ರ ನಾಲ್ಕನೆಯದು ಮಿತಿ ಹಾಕಿತು: ಹಳಿಯ ಮೇಲೆ ಸರದಿಗೆ ಹತ್ತು ಮನೆ, ಕಾಲಾಳಿಗೂ ಅಷ್ಟೇ, ಟ್ಯಾಂಕಿಗೂ ಅಷ್ಟೇ. ಇದು ಸರಿ, ರೈಲು ಹತ್ತಿದ ಮೇಲೆ ಇಬ್ಬರೂ ಪ್ರಯಾಣಿಕರೇ. 2010ರ ಐದನೆಯದು ಪ್ರತಿ ಮನೆಯ ಹಳಿಗೂ ಸರದಿಗೆ ಎರಡು ಚಿನ್ನದ ನಿರ್ವಹಣಾ ವೆಚ್ಚ ವಿಧಿಸಿತು. ಜೇಡನ ಬಲೆ ಒಂದೇ ದಿನದಲ್ಲಿ ಮಾಯವಾಯಿತು. ಆರನೆಯದಕ್ಕೆ ರೈಲು ಬಂದದ್ದೇ 2019ರ 'ಗ್ಯಾದರಿಂಗ್ ಸ್ಟಾರ್ಮ್' ವಿಸ್ತರಣೆಯಲ್ಲಿ. ಸೇನಾ ಎಂಜಿನಿಯರ್ ಹಾಕಬೇಕು, ಮನೆಗೊಂದು ಕಬ್ಬಿಣ, ಒಂದು ಕಲ್ಲಿದ್ದಲು ಕೊಡಬೇಕು, ನಡೆಯ ಖರ್ಚು ಮನೆಗೆ ಕಾಲು. ಹಾಗಾಗಿ ಎರಡು ನಡೆಯ ಕಾಲಾಳಿಗೆ ಎಂಟು ಮನೆ, ಐದು ನಡೆಯ ಕುದುರೆ ಸವಾರನಿಗೆ ಇಪ್ಪತ್ತು. ಬೋಗಿಯೊಳಗೆ ಕಟ್ಟಿಹಾಕಿದ ಕುದುರೆ ರೈಲಿನ ವೇಗವನ್ನು ಹೇಗೆ ಹೆಚ್ಚಿಸುತ್ತದೆ ಎಂದು ಕೇಳಬಾರದು. ಎಂಜಿನ್ನಿಗೆ ಹುರುಳಿ ತಿನ್ನಿಸುತ್ತಾರೋ ಏನೋ.

ಗಮನಿಸಿ, ಮೂರನೆಯದನ್ನು ಬಿಟ್ಟರೆ ಯುದ್ಧದ ಮಟ್ಟಿಗೆ ಎಲ್ಲರೂ ಕತ್ತರಿ ಹಾಕಿದ್ದು ವೇಗಕ್ಕೆ. ನಿಜವಾದ ರೈಲಿನ ಇಕ್ಕಟ್ಟು ವೇಗದಲ್ಲಿ ಇಲ್ಲವೇ ಇಲ್ಲ, ಇರುವುದು ಎಷ್ಟು ಜನ ಹಿಡಿಯುತ್ತಾರೆ ಎಂಬುದರಲ್ಲಿ. 1914ರ ಜರ್ಮನಿಯ ಒಂದು ಸೇನಾ ಕೋರ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಸಾಗಿಸಲು ಬೇಕಾದದ್ದು 6,010 ವ್ಯಾಗನ್, ಅಂದರೆ 140 ರೈಲು. ಅದರ ಸಾಮಗ್ರಿಗೆ ಮತ್ತೂ ಅಷ್ಟೇ. ಆ ಆಗಸ್ಟ್‌ನಲ್ಲಿ ಕೊಲೋನ್‌ನ ಹೋಹೆನ್‌ಝೋಲರ್ನ್ ಸೇತುವೆಯ ಮೇಲೆ ಸುಮಾರು ಹತ್ತು ನಿಮಿಷಕ್ಕೊಂದರಂತೆ ರೈಲು ದಾಟಿದವು.

ಇದನ್ನು ಆಟದ ನಿಯಮವಾಗಿ ಇಳಿಸಲು ಒಂದು ಸರಳ ಲೆಕ್ಕ. ಡಬಲ್ ಲೈನಿನಲ್ಲಿ ಅರ್ಧ ಗಂಟೆಗೊಂದು ರೈಲು ಬಿಟ್ಟರೆ ದಿನಕ್ಕೆ 48. 140 ರೈಲು ಒಂದು ನಿಲ್ದಾಣದಿಂದ ಹೊರಬೀಳುವುದಕ್ಕೇ ಮೂರು ದಿನ. ಪ್ರತಿ ರೈಲು ನಿಲುಗಡೆ ಸೇರಿ ಗಂಟೆಗೆ 25 ಕಿ.ಮೀ. ಹೋದರೂ 100 ಕಿ.ಮೀ. ನಾಲ್ಕು ಗಂಟೆ, 600 ಕಿ.ಮೀ. ಒಂದು ದಿನ. ಹತ್ತಿಸಿ ಇಳಿಸಲು ಅರ್ಧ ದಿನ ಕೊಡಿ. ಅಂದರೆ ಕೋರ್ 100 ಕಿ.ಮೀ. ಹೋಗಲು ಹೆಚ್ಚುಕಡಿಮೆ ಮೂರೂವರೆ ದಿನ, 600 ಕಿ.ಮೀ. ಹೋಗಲು ನಾಲ್ಕೂವರೆ. ದಿನಕ್ಕೆ 25 ಕಿ.ಮೀ. ನಡೆಯುವ ಪದಾತಿ ಮೊದಲ ದೂರವನ್ನು ನಾಲ್ಕು ದಿನದಲ್ಲಿ ನಡೆದೇ ಮುಗಿಸುತ್ತದೆ. ಎರಡನೆಯದಕ್ಕೆ ಅದಕ್ಕೆ 24 ದಿನ ಬೇಕು.

ಸಿಂಗಲ್ ಲೈನಾದರೆ ಕಥೆಯೇ ಬೇರೆ. ಕ್ರಾಸಿಂಗ್‌ಗೆಂದು ಎಲ್ಲೋ ಕಾಡಿನ ನಡುವೆ ರೈಲು ನಿಂತಾಗ ಕಡಲೆಕಾಯಿ ಸಿಪ್ಪೆಯ ರಾಶಿ ಎಬ್ಬಿಸಿದವರಿಗೆಲ್ಲ ಇದರ ತತ್ತ್ವ ಗೊತ್ತು. ಎರಡು ಕ್ರಾಸಿಂಗ್ ನಿಲ್ದಾಣಗಳ ನಡುವೆ 10 ಕಿ.ಮೀ., ವೇಗ 30 ಕಿ.ಮೀ. ಎಂದರೆ 20 ನಿಮಿಷ, ಮುಂದಿನ ರೈಲಿಗೆ ಅನುಮತಿ ಸಿಗಲು ಇನ್ನೈದು. ದಿನಕ್ಕೆ 57 ರೈಲು. ಆದರೆ ಇದು ಎರಡೂ ದಿಕ್ಕು ಸೇರಿ. ಖಾಲಿ ಬೋಗಿಗಳು ವಾಪಸು ಬರಬೇಕಲ್ಲ, ಹಾಗಾಗಿ ದಂಡಿಗೆ ಸಿಗುವುದು 28. ನಮ್ಮ ಕೋರ್ ಹೊರಡಲೇ ಐದು ದಿನ, ಅಷ್ಟರಲ್ಲಿ 100 ಕಿ.ಮೀ. ನಡೆದವನು ತಲುಪಿ ಅಡುಗೆ ಹಚ್ಚಿರುತ್ತಾನೆ. ಖಾಲಿ ರೈಲು ಹಿಂದಿರುಗಬೇಕು ಎಂಬುದನ್ನು ಮರೆಯದ ಆಟಗಳು ಬಹಳ ಕಡಿಮೆ. ಘಾಟಿ ಬಂದರಂತೂ ಇನ್ನೂ ಇಳಿಕೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿ.ಮೀ., 57 ಸುರಂಗ, ಐವತ್ತಕ್ಕೆ ಒಂದರ ಏರು. ಗೂಡ್ಸ್ ರೈಲಿಗೆ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಬೇಕು. ಇಂಥ ಒಂದು ತುಂಡು ಇಡೀ ಮಾರ್ಗದ ಹಣೆಬರಹ ಬರೆಯುತ್ತದೆ. ಭೂಪಟದಲ್ಲಿ ಮಾತ್ರ ಅದು ಬಯಲಿನ ಹಳಿಯಷ್ಟೇ ದಪ್ಪದ ಗೆರೆ.

ಆದ್ದರಿಂದ ನಿಜಕ್ಕೆ ಹತ್ತಿರದ ನಿಯಮ ಹೀಗಿರಬೇಕು: ಹತ್ತಲು ಒಂದು ಸರದಿ, ಇಳಿಯಲು ಒಂದು ಸರದಿ, ನಡುವಿನ ದೂರ ಎಷ್ಟಾದರೂ ಆಗಲಿ, ಆದರೆ ಒಂದು ಸರದಿಗೆ ಇಷ್ಟೇ ತುಕಡಿ. ಹಾಗೆ ನೋಡಿದರೆ ಆ ಹಳೆಯ ಶೂನ್ಯ ಖರ್ಚು ಅಷ್ಟೇನೂ ಮೂರ್ಖ ಕಲ್ಪನೆಯಲ್ಲ. ದೂರವನ್ನು ಪುಕ್ಕಟೆ ಕೊಟ್ಟದ್ದು ಸರಿ, ಟಿಕೆಟ್ಟನ್ನೂ ಸೀಟನ್ನೂ ಪುಕ್ಕಟೆ ಕೊಟ್ಟದ್ದು ತಪ್ಪು.

ಕಾಗದದ ಭೂಪಟದ ಮೇಲೆ ಯುದ್ಧದಾಟ ಆಡುವವರಿಗೆ ಇದು ಹಳೆಯ ವಿಷಯ. ಅಲ್ಲಿನ ಸಾಮಾನ್ಯ ನಿಯಮ: ಸರದಿಗೆ ಇಂತಿಷ್ಟು ರೈಲು ಅಂಕ, ಪದಾತಿಗೆ ಕಡಿಮೆ, ಟ್ಯಾಂಕಿಗೆ ಹೆಚ್ಚು, ಕಾಯಿ ಹಳಿಯ ಮೇಲೇ ಹೊರಟು ಹಳಿಯ ಮೇಲೇ ನಿಲ್ಲಬೇಕು, ಶತ್ರುವಿನ ಪಕ್ಕದಲ್ಲಿ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಈ ಕೊನೆಯ ಷರತ್ತು ಒಂದೇ ಅರ್ಧ ಕಾಯಿಲೆ ವಾಸಿ ಮಾಡುತ್ತದೆ. 2007ರ 'ಏಜಿಯೋಡ್ಸ್ ಅಮೆರಿಕನ್ ಸಿವಿಲ್ ವಾರ್' ಕಂಪ್ಯೂಟರ್ ಆಟವೂ ರೈಲಿಗೊಂದು, ನದಿಗೊಂದು ಸಾಗಣೆ ಸಾಮರ್ಥ್ಯದ ಖಾತೆ ಇಟ್ಟು, ಹಣ ಸುರಿದು ಬೆಳೆಸಿಕೊಳ್ಳಿ ಎಂದಿತು. ತೊಡಕು ಏನೆಂದರೆ, ಖಾತೆ ಇಡೀ ದೇಶಕ್ಕೆ ಒಂದೇ ಆದಾಗ ಪೂರ್ವದ ಬೋಗಿಗಳು ಪಶ್ಚಿಮದಲ್ಲಿ ದಿಢೀರನೆ ಪ್ರತ್ಯಕ್ಷವಾಗುತ್ತವೆ. ಪ್ರತಿ ಮಾರ್ಗಕ್ಕೂ ಬೇರೆ ಖಾತೆ ಇಟ್ಟರೆ ಆಡುವವನು ಸೇನಾಪತಿ ಕೆಲಸ ಬಿಟ್ಟು ಸ್ಟೇಷನ್ ಮಾಸ್ತರನಾಗುತ್ತಾನೆ. ಕೆಲವರಿಗೆ ಅದೇ ಇಷ್ಟ, ಅಂಥವರನ್ನು ಬಿಡಿ.

ಅಮೆರಿಕದ ಆ ಅಂತರ್ಯುದ್ಧದಲ್ಲೇ ರೈಲಿನ ಶಕ್ತಿ ಮತ್ತು ಮಿತಿ ಎರಡಕ್ಕೂ ಒಂದು ಒಳ್ಳೆಯ ಮಾದರಿ ಇದೆ. 1863ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರದವರ 11 ಮತ್ತು 12ನೆಯ ಕೋರ್‌ಗಳ 20,000ಕ್ಕೂ ಹೆಚ್ಚು ಸೈನಿಕರು ವರ್ಜೀನಿಯಾದಿಂದ ಚಟನೂಗದ ಕಡೆಗೆ ಸುಮಾರು 1,900 ಕಿ.ಮೀ. ದೂರವನ್ನು ಹನ್ನೆರಡು ದಿನದ ಆಸುಪಾಸಿನಲ್ಲಿ ಮುಟ್ಟಿದರು. ಒಹಾಯೋ ನದಿಯಲ್ಲಿ ಇಳಿದು ದಾಟಿ ಮತ್ತೆ ರೈಲು ಹತ್ತಬೇಕಾಯಿತು. ಬಂಡಿ, ಹೇಸರಗತ್ತೆಗಳು ಹಿಂದಿನಿಂದ ಬಂದವು. ಬಂಡಿಯಿಲ್ಲದ ದಂಡು ಹಳಿ ಬಿಟ್ಟು ದೂರ ಹೋಗಲಾರದು. ಆಟದಲ್ಲಿ ಇದನ್ನು ತೋರಿಸುವುದು ಸುಲಭ: ಇಳಿದ ಮೇಲೆ ಒಂದೆರಡು ಸರದಿ ದಾಳಿಯ ಬಲ ಅರ್ಧ. ಎರಡನೆಯ ಮಹಾಯುದ್ಧದ ಕಂಪ್ಯೂಟರ್ ಆಟ 'ಹಾರ್ಟ್ಸ್ ಆಫ್ ಐರನ್ 4' ಇನ್ನೊಂದು ಬಗೆಯಲ್ಲಿ ಇದನ್ನೇ ಮಾಡುತ್ತದೆ. ಸ್ಥಳಾಂತರದಲ್ಲಿರುವ ಡಿವಿಷನ್ನಿನ ಸಂಘಟನಾ ಬಲ ತೀರಾ ಕುಸಿದಿರುತ್ತದೆ, ದಾರಿಯಲ್ಲಿ ಶತ್ರು ಸಿಕ್ಕರೆ ಚೆಲ್ಲಾಪಿಲ್ಲಿ.

ಅದೇ ಆಟಕ್ಕೆ 2021ರಲ್ಲಿ ಬಂದ 'ನೋ ಸ್ಟೆಪ್ ಬ್ಯಾಕ್' ವಿಸ್ತರಣೆಯ ಜೊತೆಗಿನ ಉಚಿತ ಪರಿಷ್ಕರಣೆ ಹಳಿಗೆ ಒಂದರಿಂದ ಐದರವರೆಗೆ ಮಟ್ಟ ಕೊಟ್ಟಿತು. ಸಾಮಗ್ರಿಯ ಹರಿವಿಗೆ ಮಿತಿ ಹಾಕುವುದು ದಾರಿಯಲ್ಲಿನ ಅತಿ ಕೆಳಮಟ್ಟದ ತುಂಡು, ನಮ್ಮ ಘಾಟಿಯ ನ್ಯಾಯವೇ. ಎಂಜಿನ್ನುಗಳನ್ನು ಕಾರ್ಖಾನೆಯಲ್ಲಿ ತಯಾರಿಸಬೇಕು, ಶತ್ರು ವಿಮಾನಗಳು ಅವನ್ನು ಹೊಡೆಯುತ್ತವೆ. ಹೊಸಬರು ಇಲ್ಲಿ ಎಡವುವುದು ಒಂದೇ ರೀತಿ: ಮುಂಚೂಣಿಯ ಕಡೆಯ ಹಳಿಯನ್ನು ಐದನೆಯ ಮಟ್ಟಕ್ಕೆ ಏರಿಸಿ, ಹಿಂದೆಲ್ಲೋ ಉಳಿದ ಒಂದನೆಯ ಮಟ್ಟದ ತುಂಡನ್ನು ನೋಡದೆ, ಸೈನ್ಯ ಏಕೆ ಹಸಿದಿದೆ ಎಂದು ತಲೆ ಕೆರೆದುಕೊಳ್ಳುವುದು.

ಶತ್ರುನೆಲದ ಹಳಿಯ ವಿಚಾರದಲ್ಲಿ, ಜರ್ಮನಿ ಸೋವಿಯತ್ ನೆಲಕ್ಕೆ ನುಗ್ಗಿದ 1941 ಒಳ್ಳೆಯ ಮೇಷ್ಟ್ರು. ಸೋವಿಯತ್ ಹಳಿಯ ಅಗಲ 1524 ಮಿ.ಮೀ., ಜರ್ಮನಿಯದು 1435. ಮೀಟರ್ ಗೇಜ್ ಕಾಲದಲ್ಲಿ ಗೇಜ್ ಬದಲಾಗುವ ನಿಲ್ದಾಣದಲ್ಲಿ ಪೆಟ್ಟಿಗೆ ಹೊತ್ತು ಇನ್ನೊಂದು ಪ್ಲಾಟ್‌ಫಾರ್ಮಿಗೆ ಓಡಿದವರಿಗೆ ವಿವರಿಸುವುದೇ ಬೇಡ. ಮರದ ಸ್ಲೀಪರ್ ಮೇಲೆ ಒಂದು ಕಂಬಿ ಕಿತ್ತು 89 ಮಿ.ಮೀ. ಒಳಗೆ ಬಡಿಯುವುದು ಅಂಥ ಕಷ್ಟವಲ್ಲ. ಕಷ್ಟ ನೀರಿನದು. ಸೋವಿಯತ್ ಎಂಜಿನ್ನುಗಳು ಹೆಚ್ಚು ನೀರು ಹೊತ್ತು ದೂರ ಓಡುತ್ತಿದ್ದುದರಿಂದ ನೀರು ತುಂಬುವ ನಿಲ್ದಾಣಗಳು ದೂರದೂರ. ಜರ್ಮನ್ ಎಂಜಿನ್ನು ಅಷ್ಟು ದೂರ ಬಾಯಾರಿಕೆ ತಡೆಯಲಾರದು. ಚಳಿಗಾಲದಲ್ಲಿ ಅದರ ಹೊರಕೊಳವೆಗಳು ಬೇರೆ ಹೆಪ್ಪುಗಟ್ಟಿದವು. ಇದೇ ಯುದ್ಧದ ಮೇಲಿನ 'ಗ್ಯಾರಿ ಗ್ರಿಗ್ಸ್‌ಬಿಸ್ ವಾರ್ ಇನ್ ದಿ ಈಸ್ಟ್' ಆಟದಲ್ಲಿ ಸರದಿಗೊಂದು ವಾರ, ಮನೆಗೆ ಹತ್ತು ಮೈಲಿ. ಅಲ್ಲಿ ಹಳಿ ದುರಸ್ತಿ ದಳಗಳನ್ನು ಯಾವ ಮಾರ್ಗಕ್ಕೆ ಕಳಿಸುತ್ತೀರಿ ಎಂಬುದೇ ಟ್ಯಾಂಕುಗಳ ಭವಿಷ್ಯ. ಎರಡು ದಳವನ್ನು ಒಂದೇ ಮಾರ್ಗಕ್ಕೆ ಹಾಕಿ ಇನ್ನೊಂದು ದಿಕ್ಕನ್ನು ಬರಿದು ಬಿಟ್ಟವನ ದಾಳಿ ಬೇಸಿಗೆ ಮುಗಿಯುವ ಮೊದಲೇ ನಿಲ್ಲುತ್ತದೆ.

ಹಾಗೆಂದು ಹಾಳಾದ ಹಳಿಗೆ ವರ್ಷಗಟ್ಟಲೆ ಶಿಕ್ಷೆ ಕೊಡುವುದೂ ಅತಿ. ಅಮೆರಿಕದ ಅಂತರ್ಯುದ್ಧದಲ್ಲೇ, 1862ರಲ್ಲಿ, ಹರ್ಮನ್ ಹಾಪ್ಟ್ ಎಂಬ ಎಂಜಿನಿಯರ್ ಪಳಗದ ಸೈನಿಕರನ್ನು ಕಟ್ಟಿಕೊಂಡು ಪೊಟೊಮ್ಯಾಕ್ ಕ್ರೀಕ್ ಮೇಲೆ ಸುಮಾರು 400 ಅಡಿ ಉದ್ದ, 80 ಅಡಿ ಎತ್ತರದ ಮರದ ಸೇತುವೆಯನ್ನು ಒಂಬತ್ತು ದಿನದ ಕೆಲಸದಲ್ಲಿ ಎಬ್ಬಿಸಿದ. ಬಯಲಿನ ಹಳಿ ಒಂದು ಸರದಿಗೆ, ಸೇತುವೆ ಎರಡು ಮೂರಕ್ಕೆ, ಸುರಂಗ ಕುಸಿದರೆ ಮಾತ್ರ ಸುದೀರ್ಘ ಕಾಯುವಿಕೆ. ವಾರದ ಸರದಿಯ ಆಟಕ್ಕೆ ಈ ಪ್ರಮಾಣ ಒಪ್ಪುತ್ತದೆ.

ಇಷ್ಟೆಲ್ಲ ನಿಯಮ ಒಳಗೆ ತುರುಕಿದ ಮೇಲೆ ಉಳಿಯುವ ಕೆಲಸ ತೆರೆಯ ಮೇಲಿನದು. ರೈಲಿಗೆ ಮಿತಿ ಇದ್ದು ಅದು ಕಾಣದಿದ್ದರೆ ಆಡುವವನು ಅದನ್ನು ನಿಯಮ ಎನ್ನುವುದಿಲ್ಲ, ಬಗ್ ಎನ್ನುತ್ತಾನೆ. ಹಳಿಯ ಮೇಲೆ ಬೆರಳಿಟ್ಟರೆ 'ಈ ಸರದಿಗೆ 12ರಲ್ಲಿ 9 ಭರ್ತಿ' ಎಂದು ತೋರಿಸುವ ಒಂದು ಸಾಲು ಹತ್ತು ಪುಟದ ಕೈಪಿಡಿಗಿಂತ ಮೇಲು. ಶೂನ್ಯ ಖರ್ಚನ್ನೇ ಇಟ್ಟುಕೊಳ್ಳುವ ಹಟವಿದ್ದವರು ಮಾರ್ಗ ಹುಡುಕುವ ಕೋಡಿನಲ್ಲಿ ನಿಜವಾದ ಸೊನ್ನೆ ಹಾಕಬೇಡಿ. ಎಲ್ಲ ದಾರಿಯೂ ಸೊನ್ನೆಯಾದರೆ ಕಂಪ್ಯೂಟರಿಗೆ ಎಲ್ಲವೂ ಸಮ. ಪಕ್ಕದೂರಿಗೆ ಹೊರಟ ತುಕಡಿ ಶತ್ರುವಿನ ಫಿರಂಗಿಯ ಮೂಗಿನ ಕೆಳಗಿನ ಹಳಿಯನ್ನೂ ಸುತ್ತಿಕೊಂಡು ಹೋದೀತು. ಮನೆಗೆ ಸಾವಿರದಲ್ಲೊಂದು ಪಾಲು ಖರ್ಚು ಇಟ್ಟರೆ ಸಾಕು, ನೆಟ್ಟಗೆ ಹೋಗುತ್ತದೆ.