ಪುರ್ರ್ ಎಂದರೂ ಕದಲದ ಕಾರು

ಒತ್ತಿ ತುಂಬಿದ ಗಾಳಿ ಏನು ಮಾಡಬಲ್ಲದು ಎಂದು ಮಕ್ಕಳಿಗೆ ತೋರಿಸಲು ಬಲೂನ್ ಕಾರಿಗಿಂತ ಅಗ್ಗದ ದಾರಿಯಿಲ್ಲ. ಅರ್ಧ ಲೀಟರಿನ ನೀರಿನ ಬಾಟಲಿ, ಚಕ್ರಕ್ಕೆ ನಾಲ್ಕು ಮುಚ್ಚಳ, ಚಕ್ರ ತಿರುಗುವ ಅಚ್ಚಿಗೆ ಎರಡು ಕಡ್ಡಿ, ಒಂದು ಬಲೂನು, ಇಂಕು ಮುಗಿದ ಬಾಲ್‌ಪೆನ್ನು. ಇಷ್ಟೆಲ್ಲ ಜೋಡಿಸಿದ ಮೇಲೂ ಕಾರು ನಿಂತಲ್ಲೇ ನಿಂತು ಪುರ್ರ್ ಎಂದರೆ ನ್ಯೂಟನ್ನನನ್ನು ಬೈಯಬೇಡಿ. ತಳ್ಳಿದ್ದು ತಿರುಗಿ ಅಷ್ಟೇ ತಳ್ಳುತ್ತದೆ ಎನ್ನುವ ಅವನ ಮೂರನೇ ನಿಯಮ 1687ರಿಂದ ಕೆಟ್ಟಿಲ್ಲ.

ಮೊದಲ ಗುಮಾನಿ ಅಚ್ಚಿನ ಮೇಲಿರಲಿ. ಪೊರಕೆಯಿಂದ ಎಳೆದ ತೆಂಗಿನ ಕಡ್ಡಿ ಪುಕ್ಕಟೆ ಸಿಗುತ್ತದೆ, ಆದರೆ ಬುಡ ದಪ್ಪ, ತುದಿ ಸಪೂರ. ಒಂದು ಚಕ್ರ ಬಿಗಿ. ಇನ್ನೊಂದು ಮದುವೆಮನೆಯಲ್ಲಿ ಕೆಲಸವಿಲ್ಲದ ನೆಂಟನ ಹಾಗೆ ಓಲಾಡುತ್ತದೆ. 3 ಮಿ.ಮೀ. ಬಿದಿರು ಕಡ್ಡಿ, ಅದು ಸಲೀಸಾಗಿ ತಿರುಗಲು 6 ಮಿ.ಮೀ. ಕಾಗದದ ಸ್ಟ್ರಾ ಸಾಕು. ಸ್ಟ್ರಾ ಬಾಟಲಿಗೆ ಅಂಟಬೇಕು, ಮುಚ್ಚಳ ಕಡ್ಡಿಗೆ. ಅಂಟಿನ ಒಂದು ಹನಿ ಸ್ಟ್ರಾದೊಳಗೆ ಇಳಿಯಿತೋ, ಕಾರಿಗೆ ಶಾಶ್ವತ ಹ್ಯಾಂಡ್‌ಬ್ರೇಕ್. ಮುಚ್ಚಳದ ತೂತು 2 ಮಿ.ಮೀ. ಪಕ್ಕಕ್ಕೆ ಸರಿದರೂ ಸಾಕು, ಕಾರು ಕುಂಟುತ್ತದೆ. ಕಾದ ಮೊಳೆಯಿಂದ ತೂತು ಕೊರೆಯುವುದು ದೊಡ್ಡವರ ಕೆಲಸ.

ಗಾಳಿ ಹೊರಹೋಗುವ ಕೊಳವೆಗೆ ಕಾಗದದ ಸ್ಟ್ರಾ ಬೇಡ. ನಾಲ್ಕು ಸಲ ಊದುವಷ್ಟರಲ್ಲಿ ಎಂಜಲಿಗೆ ನೆನೆದು ಮುದುಡುತ್ತದೆ. ಪೆನ್ನಿನ ಕೊಳವೆಯೇ ವಾಸಿ. ಆದರೆ ಎಷ್ಟೋ ಪೆನ್ನುಗಳ ಹೊಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದಕ್ಕೆ ಟೇಪು ಸುತ್ತದಿದ್ದರೆ ಗಾಳಿ ಅಲ್ಲಿಂದಲೂ ಸೋರುತ್ತದೆ. ಬಲೂನಿನ ಕತ್ತನ್ನು ಕೊಳವೆಗೆ ಎರಡು ಸೆಂ.ಮೀ. ಏರಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಕೊಳವೆ ನೇರ ಹಿಂದಕ್ಕಿರಲಿ: ಓರೆಯಾದರೆ ಕಾರು ಪ್ರದಕ್ಷಿಣೆ ಹಾಕುತ್ತದೆ, ಬಾಯಿ ಮೇಲಕ್ಕೆ ತಿರುಗಿದರೆ ನೆಲಕ್ಕೆ ಒತ್ತುತ್ತದೆ.

ಹೊಸ ಬಲೂನಿಗೆ ಮೊದಲ ಉಸಿರೇ ಕಷ್ಟ, ಆಮೇಲೆ ಸಲೀಸು. ಮೊದಲೇ ಎರಡು ಸಲ ಊದಿ ಬಿಟ್ಟರೆ ರಬ್ಬರು ಪಳಗುತ್ತದೆ. ಎಂಟು ವರ್ಷದೊಳಗಿನವರಿಗೆ ಪಂಪು ಕೊಡಿ, ಒಡೆದ ಚೂರು ಕೂಡಲೇ ಎತ್ತಿಡಿ. ಗಂಟಲಿಗೆ ಸಿಕ್ಕರೆ ಉಸಿರು ಕಟ್ಟುತ್ತದೆ. ಓಡಿಸುವಾಗ ಫ್ಯಾನ್ ಆರಿಸಿ. ಇಲ್ಲದಿದ್ದರೆ ಬಲೂನಿಗೆ ಅದರ ಗಾಳಿ ಬಡಿದು ಕಾರು ಎತ್ತಲೋ ಹೋಗುತ್ತದೆ.

‘ಗಾಳಿ ಹಿಂದಿನ ಗೋಡೆಯನ್ನು ತಳ್ಳುತ್ತದಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಉತ್ತರ ಹೇಳಬೇಡಿ. ಒಮ್ಮೆ ಗೋಡೆಯ ಹತ್ತಿರದಿಂದ, ಒಮ್ಮೆ ಹಾಲ್‌ನ ನಡುವಿನಿಂದ ಬಿಟ್ಟು ತೋರಿಸಿ. ಗೋಡೆಯ ಹಂಗಿಲ್ಲದೆಯೂ ಓಡುತ್ತದೆ. ಬಲೂನು ಗಾಳಿಯನ್ನು ಹಿಂದಕ್ಕೆ ತಳ್ಳಿದರೆ ಗಾಳಿ ಬಲೂನನ್ನು ಮುಂದಕ್ಕೆ ತಳ್ಳುತ್ತದೆ.

ಇನ್ನೊಂದು ತಕರಾರಿಗೆ ಮಾತ್ರ ಮದ್ದಿಲ್ಲ. ಪುರ್ರ್ ಎನ್ನುತ್ತಿದ್ದುದು ಬಲೂನಿನ ಸಡಿಲ ಕತ್ತು. ಕೊಳವೆ ಬಿಗಿದ ಮೇಲೆ ಸದ್ದು ಅಡಗಿ ಕಾರು ಓಡುತ್ತದೆ. ಮಕ್ಕಳಿಗೆ ಆ ಸದ್ದೇ ಬೇಕು.