ಅರ್ಧ ಮಿಲಿಮೀಟರಿನ ಜಗಳ

ಮೂರು ವರ್ಷಗಳಿಂದ ಕಾಯುತ್ತಿರುವ, ಬ್ರಿಟನ್ನಿನ ಎ4 ವರ್ಗದ ಉಗಿ ರೈಲು ಎಂಜಿನ್‌ನ ಪುಟ್ಟ ಮಾದರಿಗೆ ಕೊನೆಗೂ ಮೈ ಬಂದಿದೆ. ತಯಾರಕರು ಮೊದಲ ಅಚ್ಚಿನ ಚಿತ್ರಗಳನ್ನು ಹೊರಬಿಟ್ಟಿದ್ದಾರೆ. ಬಣ್ಣವಿಲ್ಲ, ಹೆಸರಿಲ್ಲ, ಸಂಖ್ಯೆಯಿಲ್ಲ. ಬೂದು ಪ್ಲಾಸ್ಟಿಕ್ಕಿನ ಬೋಳು ದೇಹ. ನೋಡಿ ಒಂದು ಗಳಿಗೆ ಸಂತೋಷಪಡೋಣವೆಂದರೆ ಅಷ್ಟರಲ್ಲಿ ಮಾದರಿ ರೈಲುಗಳ ಹವ್ಯಾಸಿ ಮಿತ್ರರ ನಡುವೆ ಕದನ ಶುರುವಾಗಿದೆ: ಮೂತಿಯ ಉಬ್ಬು ಅರ್ಧ ಮಿಲಿಮೀಟರ್ ಹೆಚ್ಚಾಯಿತೇ, ಇಲ್ಲವೇ?

ನಗುವವರು ನಗಬಹುದು. ನಾವು ಆಡುವುದು ಓಓ ಅಳತೆಯಲ್ಲಿ, ಅಂದರೆ ನಿಜವಾದ ಎಂಜಿನ್ನನ್ನು 76.2 ಪಟ್ಟು ಕುಗ್ಗಿಸಿದ ಲೋಕದಲ್ಲಿ. ಇಲ್ಲಿನ ಅರ್ಧ ಮಿಲಿಮೀಟರ್ ಅಲ್ಲಿ 38 ಮಿಲಿಮೀಟರ್. ಮನುಷ್ಯನ ಮೂಗಿನ ಮೇಲೆ ಅಷ್ಟು ಹೆಚ್ಚುವರಿ ಮಾಂಸ ಬೆಳೆದರೆ ಗುರುತು ಸಿಗುವುದು ಕಷ್ಟವೇ. ಎಂಜಿನ್ ಮನುಷ್ಯನಿಗಿಂತ ಬಹಳ ದೊಡ್ಡದು, ಹೋಲಿಕೆ ಅನ್ಯಾಯದ್ದು ಎನ್ನುತ್ತೀರಿ. ಒಪ್ಪುತ್ತೇನೆ. ಆದರೂ ಎ4 ಎಂದರೆ ಮೂತಿಯೇ. ನೈಜಲ್ ಗ್ರೆಸ್ಲಿ ವಿನ್ಯಾಸಗೊಳಿಸಿದ ಈ ವರ್ಗದ 35 ಎಂಜಿನ್‌ಗಳು 1935ರಿಂದ 1938ರವರೆಗೆ ಬ್ರಿಟನ್ನಿನಲ್ಲಿ ತಯಾರಾದವು. ಅವುಗಳಲ್ಲೊಂದಾದ ಮ್ಯಾಲರ್ಡ್ 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಸುಮಾರು 203 ಕಿಲೋಮೀಟರ್, ವೇಗ ಮುಟ್ಟಿತು. ಉಗಿ ಎಂಜಿನ್‌ಗಳಲ್ಲಿ ಆ ದಾಖಲೆ ಇಂದಿಗೂ ಮುರಿದಿಲ್ಲ. ಗಾಳಿಯನ್ನು ಸೀಳಲೆಂದು ಇಳಿಜಾರಾಗಿ ಬಾಗಿಸಿದ ಆ ಮುಂಭಾಗವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೇರೆ ಎಂಜಿನ್‌ಗಳಿಗೆ ಹತ್ತು ಗುರುತುಗಳಿವೆ. ಇದಕ್ಕೆ ಇರುವುದು ಇದೊಂದೇ ಮುಖ.

ಹಾಗಾಗಿ ಈ ವಿಷಯದಲ್ಲಿ ನಾನು ಜಗಳಗಂಟರ ಪಕ್ಷ. ರಿವೆಟ್ ಎಣಿಸುವವರು ಎಂದು ನಮ್ಮನ್ನು ಹಂಗಿಸುವವರಿದ್ದಾರೆ. ಎಣಿಸುತ್ತೇವೆ, ಏನೀಗ? ಮೊಸರಿನಲ್ಲಿ ಕಲ್ಲು ಹುಡುಕುತ್ತೀರಿ ಎನ್ನುತ್ತಾರೆ. ಕಲ್ಲು ಹಲ್ಲಿಗೆ ಸಿಕ್ಕ ಮೇಲೆ ಹುಡುಕಿ ಏನು ಪ್ರಯೋಜನ? ಈ ಉದ್ಯಮದಲ್ಲಿ ತಪ್ಪು ಹೇಳುವುದಕ್ಕೂ ಒಂದು ಮುಹೂರ್ತವಿದೆ. ಕಂಪ್ಯೂಟರಿನಲ್ಲಿ ಕ್ಯಾಡ್ ನಕ್ಷೆಯಾಗಿರುವಾಗ ಮೂತಿಯನ್ನು ತಿದ್ದಲು ಬೇಕಾಗುವುದು ಒಬ್ಬ ವಿನ್ಯಾಸಕರ ಕೆಲವು ಗಂಟೆಗಳು. ಉಕ್ಕಿನ ಅಚ್ಚು ಕೊರೆದ ಮೇಲೆ ಕತೆಯೇ ಬೇರೆ. ಅಚ್ಚಿನಿಂದ ಇನ್ನಷ್ಟು ಉಕ್ಕನ್ನು ಕೊರೆದು ತೆಗೆಯುವುದು ಸುಲಭ, ಕೊರೆದದ್ದನ್ನು ಮತ್ತೆ ತುಂಬುವುದು ಕಷ್ಟ. ಅಚ್ಚಿನ ಗುಳಿಯೇ ಮಾದರಿಯ ಮೈಯಾಗುವುದರಿಂದ, ಮೂತಿ ಚಪ್ಪಟೆಯಾಗಿದ್ದರೆ ಅಚ್ಚನ್ನು ಇನ್ನೂ ಕೊರೆದು ಉಬ್ಬಿಸಬಹುದು. ಉಬ್ಬು ಹೆಚ್ಚಾಗಿದ್ದರೆ ಇಳಿಸುವುದು ದೊಡ್ಡ ತಲೆನೋವು. ಈಗಿನ ಆರೋಪ ಉಬ್ಬು ಹೆಚ್ಚಾಗಿದೆ ಎಂಬುದು. ಅಂದರೆ ಎರಡರಲ್ಲಿ ಕೆಟ್ಟ ತಪ್ಪೇ ಆಗಿದೆ. ನಕ್ಷೆ ಹೊರಬಂದಾಗಲೇ ಯಾರಾದರೂ ಇದನ್ನು ಕೇಳಿದ್ದರೆ ಚೆನ್ನಾಗಿತ್ತು. ನಾನೂ ಕೇಳಲಿಲ್ಲ. ಆಗ ನಾನು ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಈ ಎಂಜಿನ್ ಎಳೆಯಬೇಕಾದ ಬೋಗಿಗಳ ಪಟ್ಟಿ ಮಾಡುತ್ತಿದ್ದೆ.

ಆದರೆ ಆರೋಪ ನಿಜವೇ? ಇಲ್ಲಿ ನನಗೆ ಹಳೆಯ ಗಾಯವೊಂದಿದೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಚಿತ್ರವನ್ನು ನೋಡಿ, ಬಾಯ್ಲರ್ ಹಿಂದಕ್ಕೆ ಹೋದಂತೆ ಸಪೂರವಾಗುತ್ತಿದೆ, ಇದು ಮೂಲಕ್ಕೆ ದ್ರೋಹ ಎಂದು ಎಲ್ಲೆಡೆ ಸಾರಿದ್ದೆ. ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಸಾಬೀತನ್ನೂ ಮಾಡಿದ್ದೆ. ಪೆಟ್ಟಿಗೆ ಬಂದಿತು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದೆ. ಬಾಯ್ಲರ್ ಹಿಂದೆಯೂ ಮುಂದೆಯೂ ಒಂದೇ. ಮೊಬೈಲ್ ಕ್ಯಾಮೆರಾವನ್ನು ಗೇಣುದೂರದಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುತ್ತದೆ ಎಂಬ, ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ತಪ್ಪಾಯಿತು ಎಂದು ಬರೆದೆ. ಆರೋಪವನ್ನು ಹಂಚಿಕೊಂಡಿದ್ದವರಲ್ಲಿ ಕಾಲುಭಾಗ ಜನರೂ ಆ ಕ್ಷಮಾಪಣೆಯನ್ನು ಓದಿರಲಾರರು. ಈಗ ಬಂದಿರುವ ಚಿತ್ರವೂ ಮೂತಿಯನ್ನೇ ಮುಂದಿಟ್ಟುಕೊಂಡು, ಬಹಳ ಹತ್ತಿರದಿಂದ ತೆಗೆದದ್ದು. ನೇರ ಪಕ್ಕದಿಂದ, ದೂರ ನಿಂತು ತೆಗೆದ ಒಂದು ಚಿತ್ರ ಸಿಗುವವರೆಗೆ ನಾನು ತೀರ್ಪು ಕೊಡುವುದಿಲ್ಲ.

ತೀರ್ಪು ಕೊಡಬಹುದಾದ ಸಂಗತಿ ಬೇರೊಂದಿದೆ, ಅದರ ಬಗ್ಗೆ ಯಾರೂ ಸೊಲ್ಲೆತ್ತುತ್ತಿಲ್ಲ. ಘೋಷಿಸಿರುವ ಆವೃತ್ತಿಗಳಲ್ಲಿ ಒಂದು, 60022 ಎಂಬ ಸಂಖ್ಯೆ ಹೊತ್ತ ಮ್ಯಾಲರ್ಡ್. ಮಾರಾಟದ ಚಿತ್ರದಲ್ಲಿ ಅದರ ಗಾಲಿಗಳ ಮೇಲೆ ಹೊದಿಕೆಯಿದೆ. ಗಾಲಿಗಳನ್ನು ಅರ್ಧ ಮುಚ್ಚುತ್ತಿದ್ದ ಆ ತಗಡಿನ ಹೊದಿಕೆಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ದುರಸ್ತಿಗೆ ಅಡ್ಡಿಯೆಂದು ಕಳಚಿದರು. 60022 ಎಂಬ ಸಂಖ್ಯೆ ಬಂದದ್ದು 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದ ಮೇಲೆ. ಅದಕ್ಕೆ ಮೊದಲು ಅದು 22, ಇನ್ನೂ ಮೊದಲು 4468. ಹೊದಿಕೆಯನ್ನೂ ಆ ಸಂಖ್ಯೆಯನ್ನೂ ಒಟ್ಟಿಗೆ ಧರಿಸಿ ಅದು ದುಡಿದ ದಿನವೇ ಇಲ್ಲ. ಇದನ್ನು ಕಂಡುಹಿಡಿಯಲು ಕ್ಯಾಲಿಪರ್ ಬೇಡ, ಒಂದು ಹಳೆಯ ಕಪ್ಪುಬಿಳುಪು ಚಿತ್ರ ಸಾಕು. ಸರಿಪಡಿಸಲು ಹೊಸ ಅಚ್ಚೂ ಬೇಡ: ಸಂಖ್ಯೆ ಬದಲಿಸಿದರೆ ಆಯಿತು. ನಾನು ತಯಾರಕರಿಗೆ ಪತ್ರ ಬರೆದಿದ್ದೇನೆ. ಪರಿಶೀಲಿಸುತ್ತೇವೆ ಎಂಬ ಎರಡು ಸಾಲಿನ ಉತ್ತರ ಬಂದಿದೆ.

ಇಷ್ಟೆಲ್ಲ ನಿಖರತೆಯ ಮಾತಾಡುವ ನಾವು ಎಂಜಿನ್ನನ್ನು ಓಡಿಸುವುದು ಎಂಥ ಹಳಿಯ ಮೇಲೆ ಗೊತ್ತೇ? ನಿಜವಾದ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್. 76.2ರಿಂದ ಭಾಗಿಸಿದರೆ 18.83 ಬರಬೇಕು. ನಮ್ಮ ಹಳಿಯ ಅಂತರ 16.5. ಬ್ರಿಟನ್ನಿನ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. ಅಂದಿನ ಮೋಟಾರುಗಳು ಇನ್ನೂ ಹೆಚ್ಚು ಕುಗ್ಗಿಸಿದ ಎಚ್ಓ ಎಂಬ ಅಳತೆಯ ಮೈಯೊಳಗೆ ಹಿಡಿಸಲಿಲ್ಲವೆಂದು ಮೈಯನ್ನು ಹಿಗ್ಗಿಸಿ, ಹಳಿಯನ್ನು ಇದ್ದಂತೆಯೇ ಬಿಟ್ಟರು. ಫಲವಾಗಿ ನಮ್ಮ ರೈಲುಗಳೆಲ್ಲ ನಿಜದ ಲೆಕ್ಕದಲ್ಲಿ ಏಳು ಇಂಚು ಕಿರಿದಾದ ಹಳಿಯ ಮೇಲೆ ಓಡುತ್ತವೆ. ಮೂತಿಯಲ್ಲಿ ಒಂದೂವರೆ ಇಂಚಿಗೆ ರಂಪ, ಕಾಲಡಿಯಲ್ಲಿ ಏಳು ಇಂಚಿಗೆ ಮೌನ. ಮೇಜಿನ ಮೇಲಿನ ತಿರುವಿನದೂ ಅದೇ ಕತೆ. ನನ್ನಲ್ಲಿರುವ 438 ಮಿಲಿಮೀಟರ್ ತ್ರಿಜ್ಯದ ತಿರುವು ನಿಜದಲ್ಲಿ 33 ಮೀಟರ್ ಆಗುತ್ತದೆ; ಎ4 ಅಲ್ಲಿಗೆ ಹೋದರೆ ಹಳಿ ಬಿಟ್ಟು ಹೊಲದಲ್ಲಿ ಮಲಗುತ್ತದೆ. ಆ ತಿರುವಿನಲ್ಲಿ ತಿರುಗಲೆಂದೇ ಹಿಂದಿನ ಪುಟ್ಟ ಗಾಲಿಗಳ ಅಂಚನ್ನು ತೆಗೆದು, ಅವು ಹಳಿಯ ಮೇಲೆ ತೇಲುವಂತೆ ಮಾಡುತ್ತಾರೆ. ಇದನ್ನೆಲ್ಲ ನಾವು ಕಣ್ಣುಮುಚ್ಚಿ ಒಪ್ಪಿಕೊಂಡಿದ್ದೇವೆ. ಒಪ್ಪದವರು 18.83 ಮಿಲಿಮೀಟರಿನ ಹಳಿಯನ್ನು ಸ್ವಂತ ಕೈಯಿಂದ ಹಾಕಿಕೊಳ್ಳುತ್ತಾರೆ. ಅವರೆದುರು ನಾನು ಮೂತಿಯ ಮಾತೆತ್ತುವುದಿಲ್ಲ.

ನನ್ನ ನಿಜವಾದ ತಕರಾರು ಇದು: ಚಿತ್ರದಲ್ಲಿ ಕಾಣುವುದನ್ನು ಮಾತ್ರ ನಾವು ಟೀಕಿಸುತ್ತೇವೆ. ಎಂಜಿನ್ ಇರುವುದು ಓಡುವುದಕ್ಕೆ. ಮ್ಯಾಲರ್ಡ್‌ನ ದಾಖಲೆಯ ವೇಗ ನಮ್ಮ ಮೇಜಿನ ಮೇಲೆ ಸೆಕೆಂಡಿಗೆ 74 ಸೆಂಟಿಮೀಟರ್. ಯಾವ ಅಗ್ಗದ ಮೋಟಾರು ಬೇಕಾದರೂ ಅಷ್ಟು ಓಡುತ್ತದೆ. ಪರೀಕ್ಷೆ ಇರುವುದು ನಿಧಾನದಲ್ಲಿ. ನಿಲ್ದಾಣದಿಂದ ಮನುಷ್ಯನ ನಡಿಗೆಯಲ್ಲಿ ಹೊರಟರೆ ಸೆಕೆಂಡಿಗೆ ಎರಡು ಸೆಂಟಿಮೀಟರಿಗಿಂತ ಕಡಿಮೆ. ದೊಡ್ಡ ಗಾಲಿ ಒಂದು ಸುತ್ತು ಮುಗಿಸಲು ನಾಲ್ಕೂವರೆ ಸೆಕೆಂಡು. ಧ್ವನಿ ಅಳವಡಿಸಿದ ಮಾದರಿಯಾದರೆ ಆ ಒಂದು ಸುತ್ತಿಗೆ ಉಗಿ ಹೊರಬಿಡುವ ಆರು ಉಸಿರು ಕೇಳಬೇಕು, ಏಕೆಂದರೆ ಎ4ಗೆ ಮೂರು ಸಿಲಿಂಡರ್, ಒಂದೊಂದೂ ಸುತ್ತಿಗೆ ಎರಡು ಬಾರಿ ಉಸಿರು ಬಿಡುತ್ತದೆ. ನಾಲ್ಕು ಕೇಳಿದರೆ ಅದು ಬೇರೆ ಯಾವುದೋ ಎಂಜಿನ್‌ನ ಗಂಟಲು. ತಡೆತಡೆದು ಹೋಗದೆ, ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಕರೆಂಟ್ ತಪ್ಪಿ ನಿಲ್ಲದೆ ಅದು ಹೀಗೆ ಹೊರಟರೆ, ಮೂತಿಯ ಅರ್ಧ ಮಿಲಿಮೀಟರನ್ನು ನಾನು ಕ್ಷಮಿಸುತ್ತೇನೆ. ಎಲ್ಲರೂ ಹೊಗಳಿದ ಒಂದು ಎಂಜಿನ್ ನನ್ನಲ್ಲಿದೆ. ರಿವೆಟ್‌ಗಳು ಮೂಲದಷ್ಟೇ ಇವೆ. ಹಳಿಯಿಂದ ಕರೆಂಟ್ ಹೀರುವ ತಗಡುಗಳನ್ನು ನಾಲ್ಕೇ ಗಾಲಿಗಳಿಗೆ ಕೊಟ್ಟಿದ್ದಾರೆ. ಪ್ರತಿ ಪಾಯಿಂಟ್‌ನಲ್ಲೂ ನಿಲ್ಲುತ್ತದೆ, ಬೆರಳಿನಿಂದ ತಳ್ಳಬೇಕು. ಈಗ ಅದು ಗಾಜಿನ ಕಪಾಟಿನಲ್ಲಿದೆ.

ಕಪಾಟಿನಲ್ಲಿ ಅದರ ಪಕ್ಕದಲ್ಲಿ ಇನ್ನೊಂದಿತ್ತು. ಅದರ ಅಡಿಚೌಕಟ್ಟು ಮಜಾಕ್ ಎಂಬ ಸತುವಿನ ಮಿಶ್ರಲೋಹದ್ದು. ಹೆಸರು ಕೇಳಿ ಮೊದಲ ಬಾರಿ ನಕ್ಕಿದ್ದೆ. ಎರಕ ಹೊಯ್ಯುವಾಗ ಅದರೊಳಗೆ ಸೀಸದ ಕಲ್ಮಶ ಸೇರಿದರೆ ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರುಕುಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ನನ್ನದು ಹಾಗೆಯೇ ಆಯಿತು: ಮೇಲಿನ ಮೈಗೆ ಒಂದು ಗೀರಿಲ್ಲ, ಎತ್ತಿದರೆ ಅಡಿಭಾಗ ಬೂದಿಯಂತೆ ಉದುರಿತು. ಬಿಡಿಭಾಗ ಕೇಳಿದರೆ ತಯಾರಿಕೆ ನಿಂತಿದೆ ಎಂದರು. ಯಾವ ಚಿತ್ರವನ್ನು ಎಷ್ಟು ಹಿಗ್ಗಿಸಿ ನೋಡಿದ್ದರೂ ಅದು ನಮಗೆ ಕಾಣುತ್ತಿರಲಿಲ್ಲ.

ಆದ್ದರಿಂದ ಈ ಸಲ ನಾನು ತಯಾರಕರಿಗೆ ಕೇಳಿದ್ದು ಸಂಖ್ಯೆಯ ತಪ್ಪಿನ ಜೊತೆ ಇನ್ನೆರಡು ಪ್ರಶ್ನೆ: ಎಂಜಿನ್ನಿನ ಹಿಂದಿರುವ ಕಲ್ಲಿದ್ದಲು ಬಂಡಿಯಾದ ಟೆಂಡರಿನ ಗಾಲಿಗಳೂ ಕರೆಂಟ್ ಹೀರುತ್ತವೆಯೇ, ಮತ್ತು ಬಿಡಿಭಾಗಗಳನ್ನು ಎಷ್ಟು ವರ್ಷ ಇಟ್ಟಿರುತ್ತೀರಿ. ಈ ಎರಡಕ್ಕೂ ಉತ್ತರ ಬಂದಿಲ್ಲ. ಪೆಟ್ಟಿಗೆ ಬಂದ ದಿನ ಭೂತಗನ್ನಡಿಯನ್ನು ಮುಟ್ಟದೆ, ಮೊದಲು ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಮೆಲ್ಲಗೆ ಓಡಿಸುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟಿದ್ದೇನೆ. ಉಳಿಸಿಕೊಳ್ಳುವ ಭರವಸೆ ಕಡಿಮೆ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಅವರಿಂದ ಒಂದು ಸೂಚನೆ ಬಂದಿದೆ. ಬಿಡುಗಡೆ ಮತ್ತೆ ಮುಂದಕ್ಕೆ ಹೋಗಿದೆಯಂತೆ, ಕಾರಣ ಹೇಳಿಲ್ಲ. ಮೂತಿಯನ್ನು ತಿದ್ದುತ್ತಿದ್ದಾರೋ ಏನೋ. ಮುಂಗಡ ಕಾಯ್ದಿರಿಸಿದ್ದನ್ನು ನಾನಂತೂ ರದ್ದು ಮಾಡಿಲ್ಲ.