ನಿಮಗೆ ಅನ್ಯಾಯ ಆಗಿದೆ, ಸರಿ. ಆ ಹುಡುಗಿ ಏನು ಮಾಡಿದ್ದಳು?

ಇವತ್ತು ಫ್ಯಾಕ್ಟರಿಯಲ್ಲಿ ನಡೆದದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಶಿರಾ ಗೇಟ್‌ನಲ್ಲಿ ಬಸ್ ಇಳಿದು ಮನೆಗೆ ನಡೆದು ಬರುವಾಗಲೂ ಮೈ ಉರಿಯುತ್ತಿತ್ತು.

ತುಮಕೂರಿನ ಹತ್ತಿರ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ನನ್ನ ಕೆಲಸ. ಕ್ವಾಲಿಟಿ ಸೆಕ್ಷನ್, 11 ವರ್ಷ ಆಯಿತು. ಪಕ್ಕದ ಲೈನಿನ ಸೀನಿಯರ್ ಒಬ್ಬರು ತಾವು ಮೆಷಿನ್ ಸೆಟ್ಟಿಂಗ್ ತಪ್ಪಿಸಿ ಕೆಡಿಸಿದ ಪೀಸುಗಳಿಗೆ ಕಟ್ಟುವ ಚೀಟಿ, ಅಂದರೆ ರಿಜೆಕ್ಷನ್ ಟ್ಯಾಗ್ ಮೇಲೆ ಒಬ್ಬ ಕಾಂಟ್ರಾಕ್ಟ್ ಹುಡುಗಿಯ ನಂಬರ್ ಬರೆಯುತ್ತಿದ್ದರು. ಒಂದು ದಿನ ಅಲ್ಲ, ಮೂರು ತಿಂಗಳು. ಅವಳ ಇನ್ಸೆಂಟಿವ್ 1,800 ರೂಪಾಯಿ ಹೋಯಿತು. ಮಧುಗಿರಿ ಕಡೆಯ ಹಳ್ಳಿಯವಳು. ತನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಊಟದ ಹೊತ್ತಲ್ಲೂ ಅಳತೆಯ ಗೇಜ್ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಅದನ್ನು ನಾನೇ ನೋಡಿದ್ದೇನೆ. ಊರ ಹಬ್ಬಕ್ಕೆ ಅಂತ ಅವಳು ರಜೆ ಹಾಕಿದ್ದ ದಿನವೂ ಟ್ಯಾಗ್ ಮೇಲೆ ಅವಳದೇ ನಂಬರ್ ಬಿತ್ತು. ಹಾಜರಾತಿಯ ಪಂಚಿಂಗ್ ಜೊತೆ ತಾಳೆ ಹಾಕಿದಾಗ ಎಲ್ಲ ಹೊರಗೆ ಬಂತು.

ಇವತ್ತು ಎನ್‌ಕ್ವೈರಿ. ದಾಖಲೆ ತೋರಿಸಬೇಕು ಅಂತ ನನ್ನನ್ನೂ ಕರೆದಿದ್ದರು. ಆ ಮನುಷ್ಯ ತಪ್ಪು ಒಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಬಾಯಿ ತೆರೆದಿದ್ದೇ, "14 ವರ್ಷದಿಂದ ನನಗೆ ಈ ಕಂಪನಿಯಲ್ಲಿ ಅನ್ಯಾಯ ಆಗಿದೆ ಸಾರ್" ಅಂದರು. ಪ್ರಮೋಷನ್ ತಪ್ಪಿದ್ದು, ಅಪ್ಪನಿಗೆ ಹುಷಾರಿಲ್ಲದಾಗ ರಜೆ ಕೊಡದಿದ್ದು, ನಿನ್ನೆ ಮೊನ್ನೆ ಬಂದವನಿಗೆ ತನಗಿಂತ ಜಾಸ್ತಿ ಸಂಬಳ ಆಗಿದ್ದು, ಎಲ್ಲ ಹೇಳಿದರು. ಅತ್ತರು. ರೂಮಿನಲ್ಲಿದ್ದವರೆಲ್ಲ ಪಾಪ ಅಂತ ತಲೆ ಆಡಿಸಿದರು. ಒಬ್ಬರು ನೀರು ಕೊಟ್ಟರು. ಅರ್ಧ ಗಂಟೆ ಮಾತೆಲ್ಲ ಅವರ ನೋವಿನದ್ದೇ.

ಆ ಹುಡುಗಿ ಬಾಗಿಲ ಹೊರಗೆ ನಿಂತೇ ಇದ್ದಳು. ಅವಳಿಗೆ ಯಾರೂ ಕುರ್ಚಿ ಕೊಡಲಿಲ್ಲ.

ಅವರು ಹೇಳಿದ್ದು ಸುಳ್ಳಲ್ಲ. ಪ್ರಮೋಷನ್ ವಿಷಯದಲ್ಲಿ ಅವರಿಗೆ ಮೋಸ ಆಗಿದ್ದು ನಿಜ, ನಾನೇ ಸಾಕ್ಷಿ. ಆದರೆ ಆ ಪ್ರಮೋಷನ್ ತಪ್ಪಿಸಿದವಳು ಇವಳಾ? ಅವರಿಗೆ ಮೋಸ ಆದಾಗ ಇವಳು ಇನ್ನೂ ಹೈಸ್ಕೂಲಿನಲ್ಲಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೇ ಆಯಿತು ಇದು. ಮ್ಯಾನೇಜರ್ ಮುಂದೆ 14 ವರ್ಷ ಕೈಕಟ್ಟಿ ನಿಂತವರು, ತಿರುಗಿ ಮಾತಾಡದ ಹುಡುಗಿಯನ್ನು ನೋಡಿ ಆರಿಸಿಕೊಂಡರು.

ನಾನು ದೂರಶಿಕ್ಷಣದಲ್ಲಿ ಎಚ್‌ಆರ್ ಓದುತ್ತಿರುವುದರಿಂದ ಈ ವಿಷಯ ಸ್ವಲ್ಪ ಹುಡುಕಿ ಓದಿದ್ದೇನೆ. 2010ರಲ್ಲಿ ಎಮಿಲಿ ಝಿಟೆಕ್ ಅನ್ನುವ ಮನಶ್ಶಾಸ್ತ್ರ ಸಂಶೋಧಕಿ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ತಮಗೆ ಅನ್ಯಾಯ ಆದ ಒಂದು ಸಂದರ್ಭ ನೆನೆದು ಬರೆಯಿರಿ ಅಂದರು. ಉಳಿದವರಿಗೆ ಬೋರ್ ಆದ ಸಂದರ್ಭ ಬರೆಯಿರಿ ಅಂದರು. ಆಮೇಲೆ ಒಂದು ಸಣ್ಣ ಸಹಾಯ ಕೇಳಿದರೆ, ಅನ್ಯಾಯ ನೆನೆಸಿಕೊಂಡವರು ಸಹಾಯಕ್ಕೆ ಒಪ್ಪಿದ್ದು ಕಡಿಮೆ. ಬರೀ ನೆನೆಸಿಕೊಂಡಿದ್ದಕ್ಕೇ ಹೀಗೆ! ನನ್ನ ಪಾಲಿನ ಕಷ್ಟ ನಾನು ಪಟ್ಟಾಗಿದೆ, ಇನ್ನು ನನಗೆ ಬೇಕಾದ ಹಾಗೆ ಇರಬಹುದು ಅನ್ನುವ ಲೆಕ್ಕ ಮನಸ್ಸಿನಲ್ಲಿ ಹುಟ್ಟುತ್ತದೆ. ಹಾಗಾದರೆ 14 ವರ್ಷ ದಿನಾ ಅದನ್ನೇ ನೆನೆಯುವವರ ಗತಿ ಏನು?

2020ರಲ್ಲಿ ಇಸ್ರೇಲಿನ ರಹಾವ್ ಗಬೈ ಮತ್ತು ಜೊತೆಗಾರರು ಸದಾ ತಾನೇ ನೊಂದವನು ಅಂದುಕೊಳ್ಳುವುದನ್ನು ಒಂದು ಸ್ವಭಾವವಾಗಿಯೇ ಗುರುತಿಸಿದರು. ಹಾಗಿರುವವರು ಹಳೆಯ ಗಾಯವನ್ನು ಮತ್ತೆ ಮತ್ತೆ ಕೆರೆಯುತ್ತಾರೆ. ತಮ್ಮ ನೋವನ್ನು ಎಲ್ಲರೂ ಒಪ್ಪಲೇಬೇಕು. ತಾವು ಮಾತ್ರ ಶುದ್ಧ, ಎದುರಿನವರು ಕೆಟ್ಟವರು. ಬೇರೆಯವರ ನೋವು ಕಣ್ಣಿಗೆ ಬೀಳುವುದಿಲ್ಲ. ಈ ಕೊನೆಯದನ್ನು ಓದಿದಾಗ ಅರ್ಥ ಆಗಿರಲಿಲ್ಲ. ಇವತ್ತು ಆಯಿತು. ಆ ಮನುಷ್ಯ ಹೊರಗೆ ಹೋಗುವಾಗ ಹುಡುಗಿಯ ಪಕ್ಕದಲ್ಲೇ ಹಾದು ಹೋದರು. ತಿರುಗಿ ಕೂಡ ನೋಡಲಿಲ್ಲ.

ಅದೇ ವರ್ಷ ಕೆನಡಾದ ಎಕಿನ್ ಒಕ್ ಮತ್ತು ಜೊತೆಗಾರರ ಅಧ್ಯಯನವೂ ಬಂತು. ನಾನು ನೊಂದವನು, ನಾನು ಒಳ್ಳೆಯವನು ಅಂತ ಎರಡನ್ನೂ ಒಟ್ಟಿಗೆ ಪದೇ ಪದೇ ತೋರಿಸಿಕೊಳ್ಳುವವರಲ್ಲಿ ಕುತಂತ್ರ, ಅಹಂಕಾರ, ಕಲ್ಲುಮನಸ್ಸಿನ ಗುಣಗಳು ಜಾಸ್ತಿ ಕಂಡವು. ಜೊತೆಯಲ್ಲಿ ಕೆಲಸ ಮಾಡುವವನ ಮೇಲಿನ ದೂರನ್ನು ಉಬ್ಬಿಸಿ ಹೇಳುವುದೂ ಅವರಲ್ಲಿ ಜಾಸ್ತಿ ಇತ್ತು.

ಈಗ ನೀವು ಕೇಳುವುದು ಗೊತ್ತು. ಹಾಗಾದರೆ ನೊಂದವರು ದೂರು ಕೊಡಲೇಬಾರದಾ? ಇಂಥ ಮಾತನ್ನೇ ಹಿಡಿದುಕೊಂಡು ಮ್ಯಾನೇಜ್‌ಮೆಂಟ್ ಎಲ್ಲರ ಬಾಯಿ ಮುಚ್ಚಿಸುವುದಿಲ್ವಾ? ಇಲ್ಲ ರೀ, ನಾನು ಹೇಳುತ್ತಿರುವುದು ಅದಲ್ಲ. ದೂರು ಕೊಡಬೇಕು, ಜೋರಾಗಿಯೇ ಕೊಡಬೇಕು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೂ, ದೂರನ್ನು ಸಾಬೀತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ತೆಗೆದುಕೊಳ್ಳಬೇಕಿಲ್ಲ ಅಂತ ಬರೆದಿದ್ದಾರೆ. ಆ ಮನುಷ್ಯ ಪ್ರಮೋಷನ್ ತಪ್ಪಿದ ದಿನವೇ ದೂರು ಕೊಟ್ಟಿದ್ದರೆ ನಾನೇ ಸಾಕ್ಷಿ ಹಾಕುತ್ತಿದ್ದೆ. ಅವರು ಬಾಯಿ ಬಿಟ್ಟಿದ್ದು ಸಿಕ್ಕಿಬಿದ್ದ ಮೇಲೆ. ದೂರಿಗೂ ನೆಪಕ್ಕೂ ವ್ಯತ್ಯಾಸ ಇಲ್ವಾ?

ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ.

2019ರಲ್ಲಿ ನನಗೆ ಬರಬೇಕಿದ್ದ ಪೋಸ್ಟ್ ಬೇರೆಯವರಿಗೆ ಹೋಯಿತು. ಎಂಟು ತಿಂಗಳು ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಆಗ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕಸ್ಟಮರ್ ಆಡಿಟ್‌ಗೆ ಫೈಲ್ ಜೋಡಿಸುತ್ತಿದ್ದಳು. "ಅಕ್ಕಾ, ಎಲ್ಲ ಸರಿ ಇದೆಯಾ ನೋಡಿ" ಅಂತ ತಂದು ಕೊಟ್ಟಳು. ಅಳತೆಯ ಸಾಧನ ಸರಿ ಇದೆ ಅಂತ ಕೊಡುವ ಒಂದು ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಅವಧಿ ಮುಗಿದಿದ್ದು ನನಗೆ ಕಂಡಿತು. ಹೇಳಲಿಲ್ಲ. ಸರಿ ಇದೆ ಅಂದೆ. ಮಾರನೇ ದಿನ ಎಲ್ಲರ ಮುಂದೆ ಅವಳಿಗೆ ಬೈಗುಳ ಬಿತ್ತು. ನನಗೆ ಸಮಾಧಾನ ಆಯಿತು. ನನಗೆ ಯಾರು ದಾರಿ ತೋರಿಸಿದರು, ಇವಳಿಗೆ ನಾನ್ಯಾಕೆ ತೋರಿಸಲಿ ಅನ್ನಿಸಿತ್ತು. ತಪ್ಪು ಮಾಡಿದೆ ಅನ್ನುವುದು ಆಗ ತಲೆಗೇ ಬರಲಿಲ್ಲ. ನನಗೆ ಅನ್ಯಾಯ ಆಗಿತ್ತಲ್ಲ!

ಅವಳು ಈಗ ಪೀಣ್ಯದಲ್ಲಿದ್ದಾಳೆ. ಹೊಸ ವರ್ಷಕ್ಕೆ, ಯುಗಾದಿಗೆ ಇನ್ನೂ ಮೆಸೇಜ್ ಕಳಿಸುತ್ತಾಳೆ, ಅಕ್ಕಾ ಅಂತ. ಪ್ರತಿ ಸಲ ನೋಡಿದಾಗಲೂ ಆ ಫೈಲ್ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ಇವತ್ತು ಆ ರೂಮಿನಲ್ಲಿ ನನಗೆ ಅಷ್ಟು ಸಿಟ್ಟು ಬಂತು. ಅವರ ಕಣ್ಣೀರು ನಿಜ ಅಂತ ನನಗೆ ಗೊತ್ತು. ನಾನೂ ಹಾಗೇ ಅತ್ತಿದ್ದೇನೆ. ಆ ಅಳುವಿನಲ್ಲಿ ಪಕ್ಕದವರಿಗೆ ನಾವು ಮಾಡಿದ್ದು ಹೇಗೆ ಕಾಣದೆ ಹೋಗುತ್ತದೆ ಅಂತಲೂ ಗೊತ್ತು.

ಸಂಜೆ ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕ ಕೂತಳು. "ಹೋಗ್ಲಿ ಬಿಡಿ ಅಕ್ಕಾ, ಅವರಿಗೂ ಪಾಪ ಬಹಳ ಕಷ್ಟ ಇದೆಯಂತೆ" ಅಂದಳು. ನೋಡಿ, ಅವಳೂ ಪಾಪ ಅಂದದ್ದು ಅವರಿಗೇ. ನಿನ್ನ 1,800 ರೂಪಾಯಿ ಏನಾಯಿತು ಅಂತ ಕೇಳಿದೆ. ಅದರ ಬಗ್ಗೆ ಯಾರೂ ಏನೂ ಹೇಳಿಲ್ಲ ಅಂದಳು.

ನಾಳೆ ಫಸ್ಟ್ ಶಿಫ್ಟ್. ಆ ದುಡ್ಡು ಈ ತಿಂಗಳ ಸಂಬಳದಲ್ಲೇ ಅವಳಿಗೆ ಸೇರಬೇಕು ಅಂತ ಲೆಟರ್ ಬರೆದು ಇಟ್ಟುಕೊಂಡಿದ್ದೇನೆ. ಟ್ಯಾಗ್‌ಗಳ ಜೆರಾಕ್ಸ್ ಕೂಡ ಲಗತ್ತಿಸಿದ್ದೇನೆ. ಪೀಣ್ಯಕ್ಕೆ ಫೋನ್ ಮಾಡುವುದು ಬಾಕಿ ಇದೆ. ಭಾನುವಾರ ಮಾಡುತ್ತೇನೆ.